ರಾತ್ರಿ ತಂಗುದಾಣ: ಮೇಲ್ವಿಚಾರಣೆ ಹೇಗೆ?

ಬೆಂಗಳೂರು: ಸೂರಿಲ್ಲದವರಿಗೆ ತಂಗುದಾಣ ಒದಗಿಸುವ ಹೊಣೆ ನಗರ ಸ್ಥಳೀಯ ಸಂಸ್ಥೆಗಳದ್ದು. ಅದು ಸಮರ್ಪಕವಾಗಿ ನಡೆಯುತ್ತಿದೆಯೇ ಎಂದು ಪರಿಶೀಲಿಸುವುದೂ ಅವುಗಳ ಕರ್ತವ್ಯವೇ. 2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ವಸತಿರಹಿತರು ಸುಮಾರು 17.7 ಲಕ್ಷ. ಈ ಪೈಕಿ 9.38 ಲಕ್ಷ ಮಂದಿ ನಗರಗಳಲ್ಲಿದ್ದರು.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಇದಕ್ಕೆ ಮಾನದಂಡಗಳನ್ನು ನಿಗದಿಪಡಿಸಿತು. ಅದರಂತೆ, ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗಬಹುದಾದ ಒಂದು ಕಾಯಂ ತಂಗುದಾಣವಿರಬೇಕು. ತಲಾ 50 ಚದರ ಅಡಿ ಸ್ಥಳಾವಕಾಶವಿರಬೇಕು. ಹಾಜರಾತಿ, ಸಾಮಗ್ರಿ, ಸ್ವಚ್ಛತೆ, ಸಿಬ್ಬಂದಿ, ದೂರು ಹಾಗೂ ಭೇಟಿ ನೀಡಿದವರ ವಿವರಗಳಿಗೆ ಪ್ರತ್ಯೇಕ ವಹಿಗಳನ್ನು ಇಡಬೇಕು.

ಕಡತ ನೋಡಿದರಷ್ಟೇ ಸಾಲದು ಎಂಬುದು ನಂತರ ಸ್ಪಷ್ಟವಾಯಿತು. ತಂಗುದಾಣಗಳ ವಾಸ್ತವ ಸ್ಥಿತಿಯನ್ನು ಪರಿಶೀಲಿಸಲು ಸುಪ್ರೀಂ ಕೋರ್ಟ್ 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ನೇತೃತ್ವದ ಸಮಿತಿಯನ್ನು ರಚಿಸಿತು. 2018ರಲ್ಲಿ ರಾಜ್ಯಮಟ್ಟದ ಸಮಿತಿಗಳ ರಚನೆಗೂ ನಿರ್ದೇಶನ ನೀಡಿತು.

ಹಗಲಿನ ತಪಾಸಣೆಯಲ್ಲಿ ಕಾಣುವುದು ಕಟ್ಟಡ ಮತ್ತು ಹಾಸಿಗೆಗಳು ಮಾತ್ರ. ರಾತ್ರಿ ಭೇಟಿಯಲ್ಲಿ ಹಾಜರಾತಿ ವಹಿಯನ್ನು ಮಲಗಿದವರ ತಲೆ ಎಣಿಕೆಯೊಂದಿಗೆ ತಾಳೆ ನೋಡಬಹುದು. ಶೌಚಾಲಯ ಬಳಕೆಗೆ ಯೋಗ್ಯವೇ, ಮಹಿಳೆಯರಿಗೆ ಸುರಕ್ಷತೆ ಇದೆಯೇ ಎಂಬುದೂ ತಿಳಿಯುತ್ತದೆ. ಸಮೀಪದ ಬಸ್ ನಿಲ್ದಾಣ, ಮಾರುಕಟ್ಟೆ, ಮೇಲ್ಸೇತುವೆಗಳ ಕೆಳಗೂ ಎಣಿಕೆ ನಡೆಯುವುದು ಅಷ್ಟೇ ಮುಖ್ಯ. ಒಳಗೆ ಹಾಸಿಗೆ ಖಾಲಿಯಿದ್ದು, ಹೊರಗೆ ಜನ ಮಲಗಿದ್ದರೆ ಬೇಡಿಕೆ ಇಲ್ಲವೆಂದು ಅರ್ಥವಲ್ಲ. ತಂಗುದಾಣ ದುಡಿಮೆಯ ಸ್ಥಳದಿಂದ ದೂರವಿರಬಹುದು. ಗುರುತಿನ ಚೀಟಿ ಇಲ್ಲದವರಿಗೆ ಪ್ರವೇಶ ಸಿಗದಿರಬಹುದು. ಕುಟುಂಬಸಮೇತ ಇರಲು ಅವಕಾಶವಿಲ್ಲದಿರಬಹುದು. ಈ ಕಾರಣಗಳನ್ನು ದಾಖಲಿಸದ ವರದಿಯ ಆಧಾರದಲ್ಲಿ ತಂಗುದಾಣ ಮುಚ್ಚಿದರೆ, ನಷ್ಟ ಅನುಭವಿಸುವವರು ಪಾದಚಾರಿ ಮಾರ್ಗದಲ್ಲಿ ಮಲಗಿರುವವರೇ.