ಅಂಗವಿಕಲರಿಗೂ ಸಂಜೆಯೊಂದಿದೆ

ಟಿ. ನಗರದಲ್ಲಿ ಸಾಯಂಕಾಲವೆಂದರೆ ಜನಸಾಗರವೆಂದೇ ಅರ್ಥ. ಉಸ್ಮಾನ್ ರಸ್ತೆಯ ಜವಳಿ ಅಂಗಡಿಗಳು, ರಂಗನಾಥನ್ ಬೀದಿಯ ನೂಕುನುಗ್ಗಲು, ಪಾಂಡಿ ಬಜಾರಿನ ದೀಪಗಳು, ಇವನ್ನೆಲ್ಲ ಕಾಣದ ಕನ್ನಡಿಗನು ಚೆನ್ನೈಯಲ್ಲಿ ಇರಲಾರನೆಂದು ನಾವು ಬಹುಕಾಲ ಭಾವಿಸಿದ್ದೆವು. ಆದರೆ ಕಾಣದವರು ಉಂಟು. ಅವರು ದೂರದ ಊರಿನವರಲ್ಲ. ಈ ಬೀದಿಗಳಿಗೆ ಕೂಗಳತೆಯಲ್ಲಿರುವ ಮನೆಗಳಲ್ಲಿಯೇ, ಎರಡು ಮೂರು ಅಂತಸ್ತು ಮೇಲೆ, ಕಿಟಕಿಯ ಬಳಿಯ ಒಂದು ಕುರ್ಚಿಯಲ್ಲಿ ಕುಳಿತಿದ್ದಾರೆ.

ಕೆಲವು ತಿಂಗಳ ಹಿಂದೆ ನಾವು ಅಂತಹ ಒಂದು ಮನೆಗೆ ಹೋಗಿದ್ದೆವು. ಮನೆಯ ಹಿರಿಯರು ಸರ್ಕಾರೀ ಕೆಲಸದಿಂದ ನಿವೃತ್ತರಾದವರು. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದವು. ಔಷಧಗಳು ಹೊತ್ತಿಗೆ ಸರಿಯಾಗಿ ಸಲ್ಲುತ್ತಿವೆ. ಸೊಸೆಯ ಶುಶ್ರೂಷೆಯಲ್ಲಿ ಲೋಪವೆಣಿಸುವಂತಿಲ್ಲ. ಆದರೂ ನಾವು ಬೀಳ್ಕೊಂಡು ಏಳುವ ಹೊತ್ತಿಗೆ ಅವರು ತಡೆತಡೆದು ಕೇಳಿದ್ದು ಒಂದೇ ಮಾತು: “ನಟೇಶನ್ ಪಾರ್ಕಿನಲ್ಲಿ ಈಗಲೂ ಸಂಜೆ ಜನ ಸೇರುತ್ತಾರೆಯೇ?” ಆ ಉದ್ಯಾನಕ್ಕೆ ಅವರ ಮನೆಯಿಂದ ಐದು ನಿಮಿಷದ ನಡಿಗೆ. ಎರಡು ವರ್ಷಗಳಲ್ಲಿ ಅವರು ಆಸ್ಪತ್ರೆಗೆ ಹೋಗಲು ಮಾತ್ರ ಮೆಟ್ಟಿಲಿಳಿದಿದ್ದರು.

ಈ ಪ್ರಶ್ನೆಯು ನಮ್ಮನ್ನು ಬಿಡದೆ ಹಿಂಬಾಲಿಸಿದುದರಿಂದ ಈ ಲೇಖನ. ರೋಗಿಗೆ ಅನ್ನ, ಔಷಧ, ಶುಚಿತ್ವ ಇಷ್ಟನ್ನು ಒದಗಿಸಿದರೆ ಕರ್ತವ್ಯ ಮುಗಿಯಿತೆಂದು ನಾವು ತಿಳಿದಿದ್ದೇವೆ. ಆಟ, ಹಾಡು, ಹರಟೆ, ಗಾಳಿಸೇವನೆ ಇವು ಆರೋಗ್ಯವಂತರ ಸೊತ್ತೆಂದೂ, ಅಂಗವಿಕಲರಿಗೆ ಇವು ಮಿಕ್ಕಿದ್ದರೆ ಕೊಡತಕ್ಕ ಉಪಚಾರವೆಂದೂ ನಮ್ಮ ಎಣಿಕೆ. ಈ ಎಣಿಕೆಯು ತಪ್ಪೆಂದು ವೈದ್ಯಶಾಸ್ತ್ರವು ಮುಕ್ಕಾಲು ಶತಮಾನದಿಂದ ಹೇಳುತ್ತ ಬಂದಿದೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟು ತಗುಲಿದ ಸೈನಿಕರಿಗಾಗಿ ಒಂದು ವಿಭಾಗವನ್ನು ತೆರೆಯಲಾಯಿತು. ನಾಜಿಗಳ ಜರ್ಮನಿಯನ್ನು ತೊರೆದು ಬಂದಿದ್ದ ಡಾ. ಲುಡ್ವಿಗ್ ಗುಟ್‌ಮನ್ನರು ಅದರ ಮುಖ್ಯಸ್ಥರಾದರು. ಅದುವರೆಗೆ ಇಂತಹ ರೋಗಿಗಳು ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕು ಮುಂತಾದುವುಗಳಿಂದ ಬೇಗನೆ ತೀರಿಕೊಳ್ಳುವುದೇ ವಾಡಿಕೆಯಾಗಿದ್ದಿತು. ಗುಟ್‌ಮನ್ನರು ರೋಗಿಗಳನ್ನು ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಿ ಉಳಿಸಿದುದಲ್ಲದೆ, ಉಳಿದವರಿಗೆ ಬದುಕಲು ಕಾರಣವೊಂದು ಬೇಕೆಂದು ಅರಿತು ಅವರ ಕೈಗೆ ಚೆಂಡನ್ನೂ ಬಿಲ್ಲನ್ನೂ ಕೊಟ್ಟರು. ೧೯೪೮ರ ಜುಲೈ ೨೯ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಗಾಲಿಕುರ್ಚಿಯ ಮೇಲೆ ಕುಳಿತ ೧೬ ಮಂದಿ ಆ ಆಸ್ಪತ್ರೆಯ ಬಯಲಿನಲ್ಲಿ ಬಾಣ ಬಿಟ್ಟರು. ಹನ್ನೆರಡು ವರ್ಷಗಳ ತರುವಾಯ ೧೯೬೦ರಲ್ಲಿ ರೋಮಿನಲ್ಲಿ ನಡೆದ, ಇಂದು ಪ್ಯಾರಾಲಿಂಪಿಕ್ಸ್ ಎಂದು ಪ್ರಸಿದ್ಧವಾಗಿರುವ ಕ್ರೀಡಾಮೇಳಕ್ಕೆ ಇದೇ ಬೀಜ. ಅಲ್ಲಿ ಆಟವು ಚಿಕಿತ್ಸೆಯಾದ ಮೇಲೆ ಬಂದ ಬಹುಮಾನವಾಗಿರಲಿಲ್ಲ. ಆಟವೇ ಚಿಕಿತ್ಸೆಯ ಅಂಗವಾಗಿದ್ದಿತು.

ನಮ್ಮ ಕನ್ನಡನಾಡು ಈ ಪಾಠವನ್ನು ಹೊರಗಿನಿಂದ ಕಲಿಯಬೇಕಾಗಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದವರಾರು? ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ಬಡಿಸಿದರು. ೧೯೪೪ರಲ್ಲಿ ಅವರು ಅಗಲಿದ ಮೇಲೆ, ಅಂಧರೇ ಆದ ಶಿಷ್ಯ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ತಾವು ತೀರಿಕೊಳ್ಳುವವರೆಗೆ ಆ ದೀಪವನ್ನು ಆರದಂತೆ ಕಾಪಾಡಿದರು. ಭಿಕ್ಷಾಪಾತ್ರೆ ಹಿಡಿಯಬೇಕಾಗಿದ್ದ ಕೈಗಳು ಅಲ್ಲಿ ತಬಲವನ್ನೂ ಹಾರ್ಮೋನಿಯಮನ್ನೂ ಹಿಡಿದವು. ಬೆಂಗಳೂರಿನ ಮಾಲತಿ ಹೊಳ್ಳರದು ಇನ್ನೊಂದು ಮೇಲ್ಪಂಕ್ತಿ. ಶೈಶವದಲ್ಲಿಯೇ ಪೋಲಿಯೋ ತಗುಲಿದ ಆಕೆ ಗಾಲಿಕುರ್ಚಿಯ ಕ್ರೀಡಾಪಟುವಾಗಿ ೧೯೯೫ರಲ್ಲಿ ಅರ್ಜುನ ಪ್ರಶಸ್ತಿಯನ್ನೂ ೨೦೦೧ರಲ್ಲಿ ಪದ್ಮಶ್ರೀಯನ್ನೂ ಪಡೆದು, ಅಂಗವಿಕಲ ಮಕ್ಕಳಿಗೆ ಆಶ್ರಯವಾಗಿ ‘ಮಾತೃ’ ಸಂಸ್ಥೆಯನ್ನು ಕಟ್ಟಿದರು.

ಎಲ್ಲರೂ ಪದಕ ಗೆಲ್ಲಬೇಕೆಂದು ನಾವು ಹೇಳುತ್ತಿಲ್ಲ. ಕುರ್ಚಿಯಲ್ಲಿ ಕುಳಿತ ಹಿರಿಯರಿಗೆ ಹಾಡು ಕೇಳಿಸಿದರೂ ಪ್ರಯೋಜನವುಂಟು. ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ೨೦೦೮ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಇಲ್ಲಿ ಗಮನಾರ್ಹ. ಮಿದುಳಿನ ರಕ್ತಸಂಚಾರ ಕೆಟ್ಟು ಪಾರ್ಶ್ವವಾಯುವಿಗೆ ಒಳಗಾದ ೬೦ ಮಂದಿಯನ್ನು ಅವರು ಮೂರು ಗುಂಪು ಮಾಡಿದರು. ಎಲ್ಲರಿಗೂ ವಾಡಿಕೆಯ ಚಿಕಿತ್ಸೆ ಸಮವಾಗಿಯೇ ಸಂದಿತು. ಒಂದು ಗುಂಪಿನವರು ತಮಗೆ ಪ್ರಿಯವಾದ ಸಂಗೀತವನ್ನು ಎರಡು ತಿಂಗಳ ಕಾಲ ಪ್ರತಿದಿನವೂ ಕೇಳಿದರು. ಮತ್ತೊಂದು ಗುಂಪಿನವರು ಓದಿ ಮುದ್ರಿಸಿದ ಪುಸ್ತಕಗಳನ್ನು ಕೇಳಿದರು. ಮೂರನೆಯ ಗುಂಪಿಗೆ ಇವೆರಡೂ ಇರಲಿಲ್ಲ. ಮೂರು ತಿಂಗಳ ತರುವಾಯ ಪರೀಕ್ಷಿಸಲಾಗಿ, ಸಂಗೀತ ಕೇಳಿದವರ ಮಾತಿನ ನೆನಪೂ ಏಕಾಗ್ರತೆಯೂ ಉಳಿದವರಿಗಿಂತ ಹೆಚ್ಚು ಚೇತರಿಸಿದ್ದವು. ಮನಸ್ಸಿನ ಕುಗ್ಗುವಿಕೆಯೂ ಅವರಲ್ಲಿ ಕಡಿಮೆಯಾಗಿದ್ದಿತು. ಹಾಡಿದ್ದರೆ ಔಷಧ ಬೇಡವೆಂದು ಯಾರೂ ಭ್ರಮಿಸಬಾರದು. ಆದರೆ ಔಷಧದ ಜೊತೆಗೆ ಹಾಡೂ ಇರತಕ್ಕದ್ದೆಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷ್ಯ ಬೇಕಿಲ್ಲ. ಅವರವರಿಗೆ ಪ್ರಿಯವಾದ ಹಾಡು ಎಂಬ ಮಾತನ್ನು ವಾಚಕರು ಗಮನಿಸಬೇಕು. ಮನೆಮಂದಿಗೆ ಬೇಕಾದ ದೂರದರ್ಶನದ ಧಾರಾವಾಹಿಯ ಮುಂದೆ ರೋಗಿಯನ್ನು ಕೂರಿಸುವುದು ವಿನೋದವಲ್ಲ.

ಕೈಕಾಲಿನ ವೈಕಲ್ಯ ಕಣ್ಣಿಗೆ ಕಾಣುತ್ತದೆ. ಮನಸ್ಸಿನ ವೈಕಲ್ಯ ಕಾಣುವುದಿಲ್ಲ. ಈ ಕ್ಷೇತ್ರದಲ್ಲಿ ಚೆನ್ನೈಯ ಕೀರ್ತಿ ದೊಡ್ಡದು. ೧೯೨೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವಿದ್ಯೆಯನ್ನೂ ಬೆಂಗಳೂರಿನಲ್ಲಿ ಮನೋವೈದ್ಯವನ್ನೂ ಕಲಿತ ಡಾ. ಶಾರದಾ ಮೆನನ್ ಅವರು ೧೯೬೧ರಿಂದ ೧೯೭೮ರವರೆಗೆ ಕೀಲ್ಪಾಕಿನ ಸರ್ಕಾರೀ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದರು. ರೋಗಿಗಳನ್ನು ಕೂಡಿಹಾಕುವ ಸ್ಥಳವೆಂದು ಹೆಸರಾಗಿದ್ದ ಆ ಆಸ್ಪತ್ರೆಯಲ್ಲಿ ರೋಗಿಗಳ ಕೈಗೆ ಕೆಲಸ ಕೊಡುವ ಚಿಕಿತ್ಸಾಕೇಂದ್ರವನ್ನು ಬೆಳೆಸಿದರು. ೧೯೮೪ರಲ್ಲಿ ಅವರು ಸಹೋದ್ಯೋಗಿಗಳೊಡನೆ ಸ್ಕಿಜೋಫ್ರೇನಿಯ ಸಂಶೋಧನಾ ಪ್ರತಿಷ್ಠಾನವನ್ನು ಸ್ಥಾಪಿಸಿದರು; ‘ಸ್ಕಾರ್ಫ್’ ಎಂಬ ಹೆಸರಿನಿಂದ ಅದು ಇಂದು ವಿದೇಶಗಳಲ್ಲಿಯೂ ಪರಿಚಿತ. ೨೦೨೧ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ೯೮ ವರ್ಷ.

ಈ ಊರಿನ ವೈದ್ಯರು ೧೯೮೧ರಲ್ಲಿ, ಮೊದಲ ಸಲ ಈ ಕಾಯಿಲೆಗೆ ತುತ್ತಾಗಿ ಬಂದ ೯೦ ಮಂದಿಯನ್ನು ಆರಿಸಿಕೊಂಡು, ಇಪ್ಪತ್ತು ವರ್ಷಗಳಿಗೂ ಮೀರಿ ಅವರ ಬದುಕನ್ನು ಹಿಂಬಾಲಿಸಿ ನೋಡಿದರು. ಹುಚ್ಚೆಂದು ಒಮ್ಮೆ ಹೆಸರಾದರೆ ಬಾಳು ಮುಗಿದಂತೆಯೇ ಎಂಬ ನಂಬಿಕೆಯು ಸುಳ್ಳೆಂದು ಆ ದೀರ್ಘ ಅಧ್ಯಯನ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸಿನವರು ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದೇ ಕಾಯಿಲೆಯ ೬೧ ಮಂದಿಯಲ್ಲಿ ಕೆಲವರಿಗೆ ಔಷಧದ ಜೊತೆಗೆ ಯೋಗಾಭ್ಯಾಸವನ್ನೂ, ಉಳಿದವರಿಗೆ ಔಷಧದ ಜೊತೆಗೆ ಅಂಗಸಾಧನೆಯನ್ನೂ ಮಾಡಿಸಿದರು. ನಾಲ್ಕು ತಿಂಗಳ ಕೊನೆಗೆ ಯೋಗ ಮಾಡಿದವರು ಹೆಚ್ಚು ಚೇತರಿಸಿಕೊಂಡಿದ್ದರು.

ಇನ್ನು ಕಾನೂನಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಲ್ಲಿ ಅಂಗೀಕರಿಸಿದ ವರ್ಗೀಕರಣದಲ್ಲಿ ಮನುಷ್ಯನ ಆರೋಗ್ಯವನ್ನು ಅಳೆಯುವಾಗ ವಿನೋದ ವಿಹಾರಗಳನ್ನೂ ಎಣಿಕೆಗೆ ತಂದಿತು. ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಸ್ಥಿರೀಕರಿಸಿತು. ಅದರ ೩೦ನೆಯ ವಿಧಿಯು ಸಂಸ್ಕೃತಿ, ವಿನೋದ, ಕ್ರೀಡೆಗಳಲ್ಲಿ ಭಾಗವಹಿಸುವುದನ್ನು ಹಕ್ಕೆಂದು ಸಾರುತ್ತದೆ. ಅದನ್ನು ಅನುಸರಿಸಿ ನಮ್ಮ ಸಂಸತ್ತು ೨೦೧೬ರಲ್ಲಿ ಮಾಡಿದ ಕಾಯಿದೆಯು ವೈಕಲ್ಯದ ಬಗೆಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಹೆಚ್ಚಿಸಿ, ತನ್ನ ೨೯ನೆಯ ಪ್ರಕರಣದಲ್ಲಿ ಸಂಸ್ಕೃತಿ ಮತ್ತು ವಿನೋದಗಳ ವಿಷಯದಲ್ಲಿ ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನು ವಿಧಿಸಿತು. ತಮಿಳುನಾಡಿನ ಸರ್ಕಾರೀ ಕಾಗದಪತ್ರಗಳಲ್ಲಿ ಇಂದು ಬಳಕೆಯಲ್ಲಿರುವ ಪದ ‘ಮಾಟ್ರುತ್ತಿರನಾಳಿ’. ಬೇರೊಂದು ಬಗೆಯ ಸಾಮರ್ಥ್ಯವುಳ್ಳವನು ಎಂದರ್ಥ. ಪದ ಸೊಗಸಾಗಿದೆ; ಪದಕ್ಕೆ ತಕ್ಕ ಮೆಟ್ಟಿಲು ಬಾಗಿಲುಗಳು ಬೇಕು.

ಪ್ರಯತ್ನವೇ ಆಗಿಲ್ಲವೆಂದರೆ ಅನ್ಯಾಯವಾದೀತು. ೨೦೧೯ರ ನವೆಂಬರಿನಲ್ಲಿ ಪಾಂಡಿ ಬಜಾರಿನ ರಸ್ತೆಯು ಅಗಲವಾದ ಕಾಲುದಾರಿಗಳಿಂದ ಹೊಸ ರೂಪ ತಾಳಿತು. ೨೦೨೩ರ ಮೇ ತಿಂಗಳಲ್ಲಿ ಮಾಂಬಲಂ ರೈಲು ನಿಲ್ದಾಣಕ್ಕೂ ಟಿ. ನಗರದ ಬಸ್ ನಿಲ್ದಾಣಕ್ಕೂ ನಡುವೆ ೫೭೦ ಮೀಟರುಗಳ ಆಕಾಶಮಾರ್ಗ ತೆರೆಯಿತು. ಅದಕ್ಕೆ ಲಿಫ್ಟುಗಳೂ ಉಂಟು. ಸಾಂತೋಮಿನಲ್ಲಿ ಅಂಗವಿಕಲ ಮಕ್ಕಳೂ ಇತರ ಮಕ್ಕಳೂ ಕೂಡಿ ಆಡುವ ಉದ್ಯಾನವಿದೆ. ಅದನ್ನು ರೂಪಿಸುವಲ್ಲಿ ನೆರವಾದುದು ಬೆಂಗಳೂರಿನ ‘ಕಿಲಿಕಿಲಿ’ ಎಂಬ ಸಂಸ್ಥೆ. ಮಕ್ಕಳ ನಗುವನ್ನೇ ಹೆಸರಾಗಿಸಿಕೊಂಡ ಈ ಸಂಸ್ಥೆಯನ್ನು ಕಟ್ಟಿದವರು ತಾಯಿತಂದೆಗಳೆಂಬುದು ನಮಗೆ ಅಭಿಮಾನದ ವಿಷಯ. ಅಡಯಾರಿನ ಐ.ಐ.ಟಿ.ಯ ಸಂಶೋಧಕರು ೨೦೧೯ರಲ್ಲಿ, ಕುಳಿತವರನ್ನು ನಿಲ್ಲಿಸಬಲ್ಲ ‘ಅರೈಸ್’ ಎಂಬ ಗಾಲಿಕುರ್ಚಿಯನ್ನು ಹೊರತಂದರು. ಅಲ್ಲಿಯೇ ಹುಟ್ಟಿದ ‘ನಿಯೋಬೋಲ್ಟ್’ ಎಂಬ ಯಂತ್ರವನ್ನು ಮುಂದೆ ಜೋಡಿಸಿದರೆ ಗಾಲಿಕುರ್ಚಿಯೇ ಮೂರು ಚಕ್ರದ ವಾಹನವಾಗುತ್ತದೆ.

೨೦೨೨ರ ನವೆಂಬರ್ ೨೭ರಂದು ಮೆರೀನಾ ಕಡಲತೀರದಲ್ಲಿ ೨೬೩ ಮೀಟರು ಉದ್ದ, ಮೂರು ಮೀಟರು ಅಗಲದ ಮರದ ಹಾದಿ ತೆರೆಯಿತು. ಮರಳಿನಲ್ಲಿ ಗಾಲಿ ಹೂಳುವುದರಿಂದ ಅಲೆಯನ್ನು ದೂರದಿಂದಲೇ ಕಂಡಿದ್ದವರು ಅಂದು ನೀರಿನ ಹತ್ತಿರಕ್ಕೆ ಬಂದರು. ಎರಡು ವಾರ ಕಳೆಯುವಷ್ಟರಲ್ಲಿ ಮ್ಯಾಂಡೂಸ್ ಚಂಡಮಾರುತವು ಬೀಸಿ ಆ ಹಾದಿಯ ತುದಿಯನ್ನು ಮುರಿಯಿತು. ಅದನ್ನು ತಿರುಗಿ ಕಟ್ಟಿದರು. ಇಂತಹ ಸೌಕರ್ಯಗಳನ್ನು ಒಮ್ಮೆ ಉದ್ಘಾಟಿಸಿದರೆ ಸಾಲದು, ಕೊನೆಯವರೆಗೂ ಕಾಪಾಡಬೇಕೆಂಬುದಕ್ಕೆ ಇದು ನಿದರ್ಶನ.

ಆದರೆ ಬೀದಿ ಎಷ್ಟೇ ಅಗಲವಾಗಲಿ, ಮನೆಯ ಹೊಸ್ತಿಲು ದಾಟದವರಿಗೆ ಅದರಿಂದೇನು? ಇಲ್ಲಿ ಅಡ್ಡಿಯಾಗಿರುವುದು ಮೆಟ್ಟಿಲೊಂದೇ ಅಲ್ಲ, ನಾಚಿಕೆಯೂ ಅಡ್ಡಿಯಾಗಿದೆ. “ಮೊದಲು ಹುಡುಗಿಯ ಮದುವೆಯಾಗಲಿ, ಆಮೇಲೆ ಅವನನ್ನು ಹೊರಗೆ ಕರೆತಂದರಾಯಿತು” ಎಂದು ಬುದ್ಧಿಮಾಂದ್ಯನಾದ ಮಗನ ವಿಷಯದಲ್ಲಿ ಒಬ್ಬ ತಾಯಿ ನಮ್ಮೊಡನೆ ಹೇಳಿದ್ದುಂಟು. ಆಕೆಯನ್ನು ನಾವು ದೂರಲಾರೆವು. ಪರಊರಿನಲ್ಲಿ ನೆಲೆಸಿ, ನಮ್ಮವರು ನಾಲ್ಕು ಜನರೆದುರು ತಲೆಯೆತ್ತಿ ನಿಲ್ಲಬೇಕೆಂದು ಬಯಸುವ ಸಮಾಜದಲ್ಲಿ ಇಂತಹ ಅಂಜಿಕೆ ಇನ್ನೂ ಹೆಚ್ಚು. ಆದರೆ ಆ ನಾಲ್ಕು ಜನರು ಎಂದರೆ ನಾವೇ ಅಲ್ಲವೆ? ಆಕೆಯ ಅಂಜಿಕೆಗೆ ನಾವೂ ಹೊಣೆಗಾರರು.

ಆದುದರಿಂದ ನಮ್ಮ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಯುಗಾದಿಗೋ ರಾಜ್ಯೋತ್ಸವಕ್ಕೋ ಸಮಾರಂಭ ಏರ್ಪಡಿಸುವಾಗ ನೆಲದಂತಸ್ತಿನ ಸಭಾಂಗಣವನ್ನು ಆರಿಸಿರಿ. ಆಹ್ವಾನಪತ್ರಿಕೆಯಲ್ಲಿ ಮೆಟ್ಟಿಲಿದೆಯೇ ಇಲ್ಲವೇ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿರಿ. ಸಾಲಿನ ಕೊನೆಯಲ್ಲಿ ಎರಡು ಗಾಲಿಕುರ್ಚಿಗಳಿಗೆ ಸ್ಥಳ ಬಿಡಿರಿ. ಮನೆಯಲ್ಲಿ ಅಟ್ಟ ಸೇರಿರುವ ಅಳಗುಳಿಮಣೆಯನ್ನು ಕೆಳಗಿಳಿಸಿರಿ. ಹುಣಿಸೆಬೀಜವನ್ನು ಬೆರಳುಗಳಿಂದ ಹೆಕ್ಕಿ ಗುಳಿಗೆ ಹಾಕುವ ಆ ಆಟವು, ಸ್ವಾಧೀನ ತಪ್ಪಿದ ಕೈಗೆ ಚಿಕಿತ್ಸಕರು ಹೇಳಿಕೊಡುವ ಸಾಧನೆಯನ್ನೇ ಹೋಲುತ್ತದೆ. ವ್ಯತ್ಯಾಸವೇನೆಂದರೆ ಇದರಲ್ಲಿ ಎದುರಾಳಿಯೊಬ್ಬನಿದ್ದಾನೆ, ಗೆಲುವೂ ಉಂಟು. ಚಿಕಿತ್ಸಕರನ್ನು ಕೇಳಿಕೊಂಡು ಇದನ್ನು ಆಡಿಸಿರಿ. ರೋಗಿಯ ಯೋಗಕ್ಷೇಮ ವಿಚಾರಿಸಲು ಹೋದಾಗ ಹಣ್ಣಿನ ಬುಟ್ಟಿಯನ್ನು ಇಟ್ಟು ಹತ್ತು ನಿಮಿಷಕ್ಕೆ ಎದ್ದುಬರುವ ಬದಲು ಒಂದು ಆಟ ಆಡಿ ಬನ್ನಿರಿ. ಹಗಲಿರುಳು ಶುಶ್ರೂಷೆ ಮಾಡುವ ಸೊಸೆಗೋ ಮಗಳಿಗೋ ಆ ಒಂದು ಗಂಟೆಯೇ ಬಿಡುವು; ಅವಳಿಗೂ ಒಂದು ಸಂಜೆ ಬೇಡವೆ?

ಲೇಖನದ ಆರಂಭದಲ್ಲಿ ಹೇಳಿದ ಹಿರಿಯರನ್ನು ಮರೆಯಲಿಲ್ಲ. ವೈದ್ಯರ ಒಪ್ಪಿಗೆ ಪಡೆದು, ಒಂದು ಭಾನುವಾರ ನಾಲ್ಕು ಮಂದಿ ಯುವಕರು ಅವರನ್ನು ಕುರ್ಚಿಯ ಸಮೇತ ಎರಡು ಅಂತಸ್ತು ಇಳಿಸಿದರು. ನಟೇಶನ್ ಪಾರ್ಕಿನಲ್ಲಿ ಅವರು ಮುಕ್ಕಾಲು ಗಂಟೆ ಕುಳಿತಿದ್ದರು. ಹೆಚ್ಚು ಮಾತನಾಡಲಿಲ್ಲ. ಹುಡುಗರ ಚೆಂಡೊಂದು ಉರುಳಿ ಕಾಲ ಬಳಿಗೆ ಬಂದಾಗ ಎಡಗಾಲಿನಿಂದ ಅದನ್ನು ಒದ್ದು ಹಿಂದಕ್ಕೆ ಕಳುಹಿಸಿ, ನಮ್ಮ ಕಡೆ ತಿರುಗಿ ನೋಡಿದರು.

ಅಂದಿನ ಸಂಜೆಯು ನಮಗೆ ಸಂತೋಷ ತಂದಿತೆಂಬುದು ನಿಜ. ಸಮಾಧಾನ ತರಲಿಲ್ಲವೆಂಬುದೂ ಅಷ್ಟೇ ನಿಜ. ನಾಲ್ವರ ತೋಳನ್ನು ನೆಚ್ಚಿಕೊಂಡು ದೊರೆಯುವ ಸಂಜೆಯು ಉಪಕಾರ, ಅದು ಹಕ್ಕಾಗಲಾರದು. ಯಾರನ್ನೂ ಬೇಡದೆ ಅವರು ತಾವಾಗಿ ಆ ಉದ್ಯಾನವನ್ನು ಸೇರುವ ದಿನ ಬರಬೇಕು. ಆ ದಿನ ಬರುವವರೆಗೆ ಮಾತ್ರ, ಮುಂದಿನ ಭಾನುವಾರಕ್ಕೆ ನಾಲ್ಕು ತೋಳುಗಳು ಬೇಕಾಗಿವೆ.