ಮೇಲ್ಮಣ್ಣು ತಪ್ಪಿಸುವ ಪಾತಾಳದ ಲೆಕ್ಕ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮ ಮಾಡಿದ ಭೂಕಂಪ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಹಿರಿಯರಿಗೆ ಇಂದಿಗೂ ನೆನಪಿದೆ. ಅದಾದ ನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ 'ಮ್ಯಾಗ್ನೆಟೊಟೆಲ್ಯೂರಿಕ್' ಸಮೀಕ್ಷೆ ನಡೆಸಿದರು. ಸುಮಾರು 6ರಿಂದ 10 ಕಿ.ಮೀ. ಆಳದಲ್ಲಿ ವಿದ್ಯುತ್ ಸುಲಭವಾಗಿ ಹರಿಯುವ ಪದರವಿದೆ, ಅಲ್ಲಿ ದ್ರವ ತುಂಬಿರಬಹುದು ಎಂದು 1996ರಲ್ಲಿ ವರದಿ ಮಾಡಿದರು. ಅಗೆಯದೆ ಇಷ್ಟು ಆಳದ ಸಂಗತಿ ತಿಳಿಯುವುದು ಹೇಗೆ? ತಿಳಿದರೂ ನಂಬುವುದು ಹೇಗೆ?

ಸೂರ್ಯನಿಂದ ಬರುವ ಕಣಗಳಿಂದ, ದೂರದ ಸಿಡಿಲುಗಳಿಂದ ಭೂಮಿಯ ಕಾಂತಕ್ಷೇತ್ರ ಸದಾ ಅಲುಗುತ್ತಿರುತ್ತದೆ. ಆ ಅಲುಗಾಟ ನೆಲದೊಳಗೆ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿಸುತ್ತದೆ. ಹೊಲದಲ್ಲಿ ಎಲೆಕ್ಟ್ರೋಡ್ ಹೂಳಿ ವಿದ್ಯುತ್ ಕ್ಷೇತ್ರವನ್ನೂ, ತಂತಿ ಸುರುಳಿ ಇಟ್ಟು ಕಾಂತಕ್ಷೇತ್ರವನ್ನೂ ಅಳೆಯುತ್ತಾರೆ. ವೇಗದ ಅಲೆ ಮೇಲೆಯೇ ಕರಗುತ್ತದೆ, ನಿಧಾನದ ಅಲೆ ಆಳಕ್ಕಿಳಿಯುತ್ತದೆ. ಒಂದೊಂದು ಅಲೆಯಿಂದ ಒಂದೊಂದು ಆಳದ ಸುದ್ದಿ ಸಿಗುತ್ತದೆ.

ತೊಡಕಿರುವುದು ಕಾಲಡಿಯಲ್ಲೇ. ಎರೆಮಣ್ಣಿನ ಹೊಂಡದ ಪಕ್ಕಕ್ಕೆ ಗಟ್ಟಿ ಕರಿಕಲ್ಲು ಇದ್ದರೆ, ಅವೆರಡರ ಗಡಿಯಲ್ಲಿ ವಿದ್ಯುದಂಶ ಗುಂಪುಗೂಡಿ ಎಲೆಕ್ಟ್ರೋಡಿನ ವೋಲ್ಟೇಜನ್ನು ಏರಿಸುತ್ತದೆ, ಇಲ್ಲವೇ ಇಳಿಸುತ್ತದೆ. ಅದೂ ನಿಧಾನದ ಅಲೆಗಳಿಗೆಲ್ಲ ಒಂದೇ ಪ್ರಮಾಣದಲ್ಲಿ. ಹೀಗಾಗಿ ರೇಖೆಯ ಆಕಾರ ಕೆಡುವುದಿಲ್ಲ, ಇಡೀ ರೇಖೆಯೇ ಮೇಲೆ ಅಥವಾ ಕೆಳಗೆ ಸರಿಯುತ್ತದೆ. ಇದಕ್ಕೆ 'ಸ್ಟ್ಯಾಟಿಕ್ ಶಿಫ್ಟ್' ಎನ್ನುತ್ತಾರೆ. ತುಂಡಾದ ಸರಪಳಿಯಿಂದ ಹೊಲ ಅಳೆದಂತೆ: ನಕ್ಷೆಯ ಆಕಾರ ಸರಿ, ಎಕರೆ ಮಾತ್ರ ತಪ್ಪು. ಸರಪಳಿ ಅರ್ಧವಾದರೆ ಎಕರೆ ನಾಲ್ಕು ಪಟ್ಟು ಬರುತ್ತದೆ. ಇಲ್ಲಿಯೂ ವೋಲ್ಟೇಜ್ ಎರಡು ಪಟ್ಟಾದರೆ ನೆಲದ ವಿದ್ಯುತ್ ರೋಧ ನಾಲ್ಕು ಪಟ್ಟು, ಪದರದ ಆಳ ಎರಡು ಪಟ್ಟು ಕಾಣುತ್ತದೆ. ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಸಿಕ್ಕ ಕರಿಕಲ್ಲಿನ ದಪ್ಪ 338 ಮೀಟರ್. ಅಂಥ ಕಡೆ ಇಂಥ ದೋಷ ಹಾಗೇ ಉಳಿದರೆ ಲೆಕ್ಕ 676 ಮೀಟರ್ ಎಂದೀತು!

ತಿದ್ದಲು ಒಂದು ಒಳ್ಳೆಯ ಉಪಾಯವಿದೆ. ಅದೇ ಜಾಗದಲ್ಲಿ ನೆಲದ ಮೇಲೆ ತಂತಿ ಸುತ್ತು ಹಾಸಿ ಕರೆಂಟು ಹರಿಸಿ, ಥಟ್ಟನೆ ನಿಲ್ಲಿಸುತ್ತಾರೆ. ಆಗ ಕಾಂತಕ್ಷೇತ್ರ ಹೇಗೆ ಕುಗ್ಗುತ್ತದೆ ಎಂದು ಸುರುಳಿಯಿಂದ ಅಳೆಯುತ್ತಾರೆ. ನೆಲಕ್ಕೆ ಎಲೆಕ್ಟ್ರೋಡ್ ಹೂಳುವ ಗೊಡವೆಯೇ ಇಲ್ಲದ್ದರಿಂದ ಆ ವಿದ್ಯುದಂಶದ ಕಾಟ ಬಹಳ ಕಡಿಮೆ. ಇದು ಕೆಲವು ನೂರು ಮೀಟರ್ ಮಾತ್ರ ಕಂಡರೂ ಸಾಕು, ಸರಿದ ರೇಖೆಯನ್ನು ತಂದು ಇದಕ್ಕೆ ಕೂಡಿಸಬಹುದು. ಅಕ್ಕಪಕ್ಕದ ಜಾಗಗಳ ಸರಾಸರಿ ತೆಗೆಯುವವರೂ ಇದ್ದಾರೆ. ಆದರೆ ಎಲ್ಲ ಜಾಗವೂ ಹಳ್ಳದ ದಂಡೆಯ ಎರೆಯಲ್ಲೇ ಇದ್ದರೆ ಸರಾಸರಿಯೂ ತಪ್ಪೇ. ಮೇಲ್ಮಣ್ಣು ಕ್ಷೇತ್ರದ ದಿಕ್ಕನ್ನೇ ತಿರುಚಿದ್ದರೆ ರೇಖೆ ಸರಿಸುವುದು ಸಾಲದು. ಅದಕ್ಕೆ ಗ್ರೂಮ್ ಮತ್ತು ಬೈಲಿ 1989ರಲ್ಲಿ ಕೊಟ್ಟ ಗಣಿತದಂಥ ಬೇರೆ ದಾರಿ ಬೇಕು.

ಬೋರ್‌ವೆಲ್‌ಗೆ ಜಾಗ ನೋಡುವ ರೆಸಿಸ್ಟಿವಿಟಿ ಮೀಟರಿಗೂ ಇದರದೇ ತಮ್ಮನಂಥ ದೋಷ ತಗಲುತ್ತದೆ. ಒಳಗಿನ ಎರಡು ಎಲೆಕ್ಟ್ರೋಡ್‌ಗಳ ಅಂತರ ಹೆಚ್ಚಿಸಿದಾಗ ರೇಖೆ ಒಮ್ಮೆಲೇ ಜಿಗಿಯುವುದುಂಟು. ಅಂತರ ಬದಲಿಸುವ ಹೊತ್ತಿಗೆ ಹಳೆಯ ಅಂತರಕ್ಕೂ ಹೊಸ ಅಂತರಕ್ಕೂ ಎರಡೂ ಅಳತೆ ತೆಗೆದಿದ್ದೀರಾ ಎಂದು ರೈತರು ಹಣ ಕೊಡುವ ಮುನ್ನ ಕೇಳಬಹುದು.