ಜಳಕದ ನೀರಿನ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ಹೊಸ ಮನೆಗೆ ಪೈಪು ಎಳೆಯುವ ಹೊತ್ತಿಗೆ ಒಂದು ಚರ್ಚೆ ಏಳುತ್ತದೆ: ಬಚ್ಚಲಿಗೆ ಏನು ಹಾಕಿಸುವುದು? ಗೀಜರ್, ಸೋಲಾರ್ ಎರಡೇ ಇದ್ದ ಸಾಲಿಗೆ ಈಗ ಹೀಟ್ ಪಂಪ್ ಸೇರಿದೆ. ಮಾರುವವರ ಮಾತು ನೇರ: “ಗೀಜರಿನ ಮೂರರಾಗ ಒಂದು ಪಾಲು ಕರೆಂಟ್ ಸಾಕ್ರೀ.” ಕಲಾದಗಿ ಕಡೆಯ ಹಳ್ಳಿಯಿಂದ ಬಂದು ಮನೆ ಕಟ್ಟಿಸುವವರ ಉತ್ತರವೂ ಅಷ್ಟೇ ನೇರ: “ಖರೇ ಇದ್ದೀತ್ರಿ. ಆದ್ರ ನಮ್ಮನ್ಯಾಗ ಗೀಜರ್ ಯಾವಾಗಿತ್ತು? ಹಂಡೆ ಇತ್ತು, ಹತ್ತಿಕಟಗಿ ಇತ್ತು.”

ಇಂಧನ ಉಳಿತಾಯವನ್ನು ಅಂದಾಜು ಮಾಡುವವರು ನೂರೈವತ್ತು ವರ್ಷಗಳಿಂದ ಎಡವುತ್ತಿರುವುದು ಯಾವುದಕ್ಕೆ ಹೋಲಿಸಿ ಉಳಿತಾಯ ಎಂಬ ಈ ಪ್ರಶ್ನೆಗೇ. ಉಳಿತಾಯವನ್ನು ಯಾವ ಮೀಟರೂ ತೋರಿಸುವುದಿಲ್ಲ. ಮೀಟರು ತೋರಿಸುವುದು ಖರ್ಚನ್ನು. ಆಗದೇ ಹೋದ ಖರ್ಚೊಂದನ್ನು ಊಹಿಸಿ, ಅದರಲ್ಲಿ ಆದ ಖರ್ಚನ್ನು ಕಳೆದರೆ ಸಿಗುವುದು ಉಳಿತಾಯ. ಹಳೆಯ ಮನೆಗಾದರೆ ಹಿಂದಿನ ವರ್ಷದ ಬಿಲ್ಲಿನ ಆಧಾರವಿದೆ. ಹೊಸ ಮನೆಗೆ ಹಿಂದಿನ ವರ್ಷವೇ ಇಲ್ಲ.

ಹೀಟ್ ಪಂಪು ಹುಟ್ಟಿದ್ದೇ ಒಂದು ಅಂದಾಜಿನ ಜೊತೆ. ಆಸ್ಟ್ರಿಯಾದ ಎಬೆನ್ಸೇ ಊರಿನ ಉಪ್ಪಿನ ಕಾರ್ಖಾನೆಯಲ್ಲಿ ಉಪ್ಪುನೀರನ್ನು ಕುದಿಸಿ ಬತ್ತಿಸಲು ರಾಶಿ ರಾಶಿ ಕಟ್ಟಿಗೆ ಸುಡುತ್ತಿದ್ದರು. ಹೊರಗೆ ಹೋಗುವ ಉಗಿಯನ್ನೇ ಒತ್ತಿ, ಬಿಸಿ ಏರಿಸಿ, ಮತ್ತೆ ಅದೇ ಬಾಣಲೆಗೆ ಕೊಟ್ಟರೆ ನೂರಕ್ಕೆ ಎಂಬತ್ತು ಪಾಲು ಕಟ್ಟಿಗೆ ಉಳಿಯುತ್ತದೆ ಎಂದು ಪೀಟರ್ ಫಾನ್ ರಿಟ್ಟಿಂಗರ್ ಲೆಕ್ಕ ಹಾಕಿ, 1856ರಲ್ಲಿ ಯಂತ್ರವನ್ನು ಕೂರಿಸಿದ. ಲೆಕ್ಕ ಸರಿಯಿತ್ತು. ಆದರೆ ಉಪ್ಪು ಹರಳುಗಟ್ಟಿ ಯಂತ್ರವನ್ನು ಕಾಡಿತು, ಕಾಗದದ ಎಂಬತ್ತು ಕಾರ್ಖಾನೆಗೆ ಇಳಿಯಲಿಲ್ಲ. ಅಂದಾಜಿಗೂ ಅನುಭವಕ್ಕೂ ನಡುವಿನ ಅಂತರ ಯಂತ್ರದಷ್ಟೇ ಹಳೆಯದು.

ಯಂತ್ರದ ಗುಟ್ಟು ಸರಳ. ಪಂಪ್‌ಸೆಟ್ಟು ನೀರನ್ನು ಹುಟ್ಟಿಸುವುದಿಲ್ಲ, ಬಾವಿಯಲ್ಲಿದ್ದುದನ್ನು ಮೇಲೆತ್ತುತ್ತದೆ. ಹೀಟ್ ಪಂಪು ಹಾಗೆಯೇ ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎತ್ತಿ ನೀರಿಗೆ ಹಾಕುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಕೈಗೆ ಬರುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಎತ್ತುವ ಕೆಲಸ ಹಗುರ.

ಹವೆಯ ಏರಿಳಿತವನ್ನು ಇಂಧನದ ಲೆಕ್ಕಕ್ಕೆ ತರುವ ವಿದ್ಯೆಯ ಬೇರು ಹುಡುಕಿದರೆ ಕಲಾದಗಿಯ ಹತ್ತಿರವೇ ಬಂದು ನಿಲ್ಲುತ್ತೇವೆ. 1876-78ರ ಬರ ಈ ಸೀಮೆಯನ್ನು ಹಿಂಡಿದಾಗ ಕಲಾದಗಿಯೇ ಜಿಲ್ಲಾ ಕೇಂದ್ರ. ಆ ಪಟ್ಟ ವಿಜಾಪುರಕ್ಕೆ ಹೋದದ್ದು ಎಂಟತ್ತು ವರ್ಷ ಕಳೆದ ಮೇಲೆ. ಬರದ ಬಳಿಕ ಬ್ರಿಟಿಷ್ ಸರಕಾರ ನೇಮಿಸಿದ ಕ್ಷಾಮ ಆಯೋಗಕ್ಕೆ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷ. ಇದೇ ಸ್ಟ್ರಾಚಿ 1878ರಲ್ಲಿ ಬೆಳೆಗೆ ಬೇಕಾದ ಬಿಸಿಯನ್ನು ಎಣಿಸುವ ಒಂದು ಕ್ರಮ ಕೊಟ್ಟಿದ್ದ. ಒಂದು ಮೂಲ ತಾಪಮಾನ ಇಟ್ಟುಕೊ. ದಿನದ ತಾಪಮಾನ ಅದನ್ನು ಎಷ್ಟು ಡಿಗ್ರಿ ಮೀರಿತೋ ಅಷ್ಟನ್ನು ದಿನದಿನವೂ ಕೂಡಿಸುತ್ತಾ ಹೋಗು. ಬ್ರಿಟನ್ನಿನ ಬೆಳೆಗಳಿಗೆ 42 ಡಿಗ್ರಿ ಫ್ಯಾರನ್‌ಹೀಟ್ ಮೂಲವಾಯಿತು. ಮುಂದೆ ಅಮೆರಿಕದ ಗ್ಯಾಸ್ ಕಂಪನಿಗಳು ಇದನ್ನೇ ತಿರುವುಮುರುವು ಮಾಡಿ, 65 ಡಿಗ್ರಿಗಿಂತ ಹವೆ ಎಷ್ಟು ಕೆಳಗಿಳಿಯಿತು ಎಂಬುದರ ಮೇಲೆ ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕೆಂದು ಹೇಳತೊಡಗಿದವು. ಹೀಟ್ ಪಂಪಿನ ಉಳಿತಾಯವನ್ನು ಅಂದಾಜಿಸುವ ಇಂದಿನ ಸರಳ ವಿಧಾನಗಳ ಹೊಟ್ಟೆಯಲ್ಲೂ ಈ ಕೂಡಿಸು-ಕಳೆ ಲೆಕ್ಕವೇ ಇದೆ.

ಚಳಿ ದೇಶಗಳ ಅಂಕಿಗಳನ್ನು ಎತ್ತಿ ತಂದು ಇಲ್ಲಿ ಇಟ್ಟರೆ ನಡೆಯುವುದಿಲ್ಲ. ಅಲ್ಲಿ ಇಡೀ ಮನೆ ಬೆಚ್ಚಗಾಗಬೇಕು, ನಮಗೆ ಬೇಕಾದದ್ದು ನಾಲ್ಕೈದು ಬಕೆಟ್ ನೀರು. ಡಿಸೆಂಬರಿನಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು 22 ಡಿಗ್ರಿ ಸೆಲ್ಸಿಯಸ್ ಇದೆ, ಜಳಕಕ್ಕೆ 42 ಬೇಕು, ಮನೆಮಂದಿಗೆಲ್ಲ ಸೇರಿ 100 ಲೀಟರ್ ಎಂದುಕೊಳ್ಳೋಣ. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೌಲ್, 3,600 ಕಿಲೋಜೌಲ್ ಅಂದರೆ ಒಂದು ಯೂನಿಟ್. ಗೀಜರಿಗೆ ದಿನಕ್ಕೆ 2.3 ಯೂನಿಟ್, ತಿಂಗಳಿಗೆ ಸುಮಾರು 70. ಹೀಟ್ ಪಂಪಿಗೆ ತಿಂಗಳಿಗೆ 23. ಉಳಿತಾಯ 47 ಯೂನಿಟ್. ಟ್ಯಾಂಕಿನಿಂದ ಸೋರಿಹೋಗುವ ಬಿಸಿ ಬೇರೆ, ಅದು ಎರಡಕ್ಕೂ ಇದೆ.

ಏಪ್ರಿಲ್ಲಿನಲ್ಲಿ ಅದೇ ಟ್ಯಾಂಕಿನ ನೀರು ಮುಟ್ಟಲಾಗದಷ್ಟು ಕಾದಿರುತ್ತದೆ. ಹೀಟ್ ಪಂಪು ಅತ್ಯಂತ ಚುರುಕಾಗಿ ದುಡಿಯಬಲ್ಲ ತಿಂಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ! ಚಳಿಗಾಲದ 47ನ್ನು ಹನ್ನೆರಡರಿಂದ ಗುಣಿಸಿ ವರ್ಷದ ಉಳಿತಾಯ ಹೇಳುವವರು ಈ ಭಾಗದಲ್ಲಿ ಒಂದು ಬೇಸಿಗೆ ಕಳೆದಿಲ್ಲ ಎಂದೇ ಅರ್ಥ. ಇನ್ನೊಂದು ಸಂಗತಿಯನ್ನೂ ಅವರು ಬಿಡುತ್ತಾರೆ. ನಸುಕಿನ ಐದಕ್ಕೆ ಚಾಲೂ ಮಾಡುವ ಬದಲು ಹಿಂದಿನ ಮಧ್ಯಾಹ್ನ ಎರಡಕ್ಕೆ ಓಡಿಸಿದರೆ, ಚಳಿಗಾಲದಲ್ಲೂ ಗಾಳಿ ಬೆಚ್ಚಗಿರುತ್ತದೆ, ಕರೆಂಟು ಕಡಿಮೆ ಸಾಕು. ಟ್ಯಾಂಕಿನ ಹೊದಿಕೆ ಗಟ್ಟಿಯಿರಬೇಕು, ಅಷ್ಟೇ.

ಹಿಂದಿನ ಬಿಲ್ಲಿಲ್ಲದ ಹೊಸ ಮನೆಯ ಸಮಸ್ಯೆ 2023ರಲ್ಲಿ ಕರ್ನಾಟಕ ಸರಕಾರದ ಎದುರೂ ಬಂತು. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10ರಷ್ಟು ಉಚಿತ ಎಂಬುದು ಆಗಿನ ನಿಯಮವಾಗಿತ್ತು. ಹಾಗಾದರೆ ನಿನ್ನೆ ಮೊನ್ನೆ ಮೀಟರ್ ಬಂದ ಮನೆಗೆ? ರಾಜ್ಯದ ಸರಾಸರಿ 53 ಯೂನಿಟ್ ಎಂದು ಹಿಡಿದು, ಶೇ 10 ಕೂಡಿಸಿ, 58 ಎಂದು ನಿಗದಿ ಮಾಡಿದರು. ಇಂಧನ ಲೆಕ್ಕಿಗರ ಪಂಡಿತ ಗ್ರಂಥಗಳೂ ಹೊಸ ಕಟ್ಟಡಕ್ಕೆ ಮಾಡುವುದು ಇದನ್ನೇ, ಇಲ್ಲದ ಮನೆಯೊಂದನ್ನು ಕಲ್ಪಿಸಿ ಅದಕ್ಕೆ ಹೋಲಿಸುವುದು. ಆದರೆ 58 ಎಂಬ ಅಂಕಿ ಮನೆಯವರ ತೀರ್ಮಾನವನ್ನೇ ಬದಲಿಸುತ್ತದೆ. ಚಳಿಗಾಲದಲ್ಲಿ ಗೀಜರೊಂದೇ 70 ಯೂನಿಟ್ ನುಂಗಿದರೆ, ದೀಪ ಹಚ್ಚುವ ಮೊದಲೇ ಉಚಿತದ ಗೆರೆ ದಾಟಿತು. ಹೀಟ್ ಪಂಪಿದ್ದರೆ ಇನ್ನೂ 35 ಯೂನಿಟ್ ಕೈಯಲ್ಲಿದೆ.

ಹಂಡೆಗೆ ಹೋಲಿಸಿದರೆ ಚಿತ್ರ ಪೂರ್ತಿ ತಲೆಕೆಳಗು. ಹತ್ತಿಕಟಗಿ, ತೊಗರಿಕಟಗಿ, ಕುಳ್ಳು ಎಲ್ಲ ಹೊಲ-ಹಟ್ಟಿಯದು, ಅದಕ್ಕೆ ಬಿಲ್ಲಿಲ್ಲ. ಹಂಡೆ ಬಿಟ್ಟು ಹೀಟ್ ಪಂಪ್ ಹಾಕಿಸಿದ ಮನೆಯಲ್ಲಿ ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರು ತಿಂಗಳಿಗೆ 23 ಯೂನಿಟ್ ಹೆಚ್ಚೇ ತೋರಿಸುತ್ತದೆ. ಉಳಿದದ್ದು ಹೊಗೆ, ಮತ್ತು ಎಲ್ಲರಿಗಿಂತ ಮೊದಲೆದ್ದು ನೀರೊಲೆ ಹೊತ್ತಿಸುವ ಹೆಂಗಸಿನ ಒಂದು ತಾಸು. ನನ್ನ ಕಣ್ಣಿಗೆ ಅದೇ ದೊಡ್ಡ ಉಳಿತಾಯ, ಆದರೆ ಯಾವ ಕಂಪನಿಯ ಕರಪತ್ರದಲ್ಲೂ ಅದಕ್ಕೆ ಕಾಲಂ ಇಲ್ಲ. ಸೋಲಾರ್ ಇರುವ ಮನೆಗೆ ಹೀಟ್ ಪಂಪ್ ಬಹುಮಟ್ಟಿಗೆ ದಂಡ: ನಮ್ಮ ಚಳಿಗಾಲದ ಆಕಾಶ ನಿಚ್ಚಳ, ಮೇಲಾಗಿ ಸೋಲಾರ್ ವಾಟರ್ ಹೀಟರಿಗೆ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಇತ್ತು. ಮಾಳಿಗೆ ತಮ್ಮದಲ್ಲದ ಬಾಡಿಗೆಯವರಿಗೆ, ಅಪಾರ್ಟ್‌ಮೆಂಟಿನವರಿಗೆ ಮಾತ್ರ ಮಾತು ಬೇರೆ.

ಯಾವುದಕ್ಕೆ ಹೋಲಿಸುವುದು ಎಂಬ ತೊಡಕು ಎ.ಸಿ.ಗೂ ಉಂಟು. ಅದೂ ಹೀಟ್ ಪಂಪೇ, ಬಿಸಿಯನ್ನು ಒಳಗಿನಿಂದ ಹೊರಗೆ ಎತ್ತಿಹಾಕುವಂಥದ್ದು. ಮೂರು ಸ್ಟಾರಿಗಿಂತ ಐದು ಸ್ಟಾರ್ ಎಷ್ಟು ಉಳಿಸುತ್ತದೆ ಎಂದು ಹೋಲಿಸುವಾಗ ಎರಡನ್ನೂ ಒಂದೇ ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ಕೂರಿಸುತ್ತಾರೆ. ಬಾದಾಮಿ, ಇಳಕಲ್ಲಿನ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ ಈ ಹೋಲಿಕೆಯೊಳಗೆ ಬರುವುದೇ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಒಂದು ಭಾಗ ಮುಳುಗುವುದೆಂದಾದಾಗ ನವನಗರವೆಂಬ ಈ ಹೊಸ ಊರಿನ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ, ಕಟ್ಟಡದ ರೂಪವನ್ನು ಹವೆಯೇ ತೀರ್ಮಾನಿಸಬೇಕು ಎಂದು ಬರೆದವರು. ನಕ್ಷೆ ಅವರದು, ಮನೆಗಳು ಮೇಸ್ತ್ರಿಗಳದು. ಗೋಡೆ-ಕಿಟಕಿಯ ಮೂಲಕ ಮನೆಯೊಳಗೆ ನುಗ್ಗುವ ಬಿಸಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂಬ ಕೇಂದ್ರದ ಇಕೋ ನಿವಾಸ್ ಸಂಹಿತೆ ಬಂದದ್ದು 2018ರಲ್ಲಿ, ನವನಗರದ ಸಾವಿರಾರು ಸ್ಲ್ಯಾಬು ಬಿದ್ದ ಎಷ್ಟೋ ವರ್ಷಗಳ ಮೇಲೆ.

ಆಲಮಟ್ಟಿ ಅಣೆಕಟ್ಟೆಯ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನೊಂದು ಸುತ್ತು ಮನೆ ಕಟ್ಟುವುದು ತಪ್ಪಿದ್ದಲ್ಲ. ಆಗ ಏಳುವ ಬಡಾವಣೆಯ ಕೆಲವು ಮನೆಗಳಲ್ಲಿ ಗೀಜರಿಗೊಂದು, ಹೀಟ್ ಪಂಪಿಗೊಂದು ಪ್ರತ್ಯೇಕ ಸಬ್ ಮೀಟರ್ ಇಟ್ಟು, ಒಳಬರುವ ನೀರಿನ ಪೈಪಿಗೆ ಥರ್ಮಾಮೀಟರ್ ಸಿಕ್ಕಿಸಿ, ಒಂದು ದೀಪಾವಳಿಯಿಂದ ಮುಂದಿನ ದೀಪಾವಳಿವರೆಗೆ ಬರೆದಿಡಲಿ. ಹಂಡೆ ಇಟ್ಟುಕೊಂಡ ಮನೆಗಳೂ ಆ ಪಟ್ಟಿಯಲ್ಲಿ ಇರಲಿ, ಕಟಗಿಯನ್ನು ತಕ್ಕಡಿಯಲ್ಲಿ ತೂಗಿ.